ನೌಖಂಡಾದ ಒಡೆಯ ಮಲಿಕ್ ಅಂಬರ್

ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಭಡ್ಕಲ್ ದರವಾಜೆಯು ಅಪರಿಚಿತವಲ್ಲ. ಅದರ ಬಳಿಯ ದಿಬ್ಬದ ಮೇಲೆ 1616ರಲ್ಲಿ ನೌಖಂಡಾ ಎಂಬ ಅರಮನೆ ಎದ್ದಿತು. ಒಂಬತ್ತು ಖಂಡಗಳ ಆ ಮನೆಯನ್ನು ಕಟ್ಟಿಸಿದವನು, ಎಳೆವೆಯಲ್ಲಿ ತನ್ನ ಮೈಮೇಲೆ ಕೂಡ ತನಗೆ ಹಕ್ಕಿಲ್ಲದಿದ್ದ ಮಲಿಕ್ ಅಂಬರನು.

ಅಂಬರನು ಹುಟ್ಟಿದ್ದು 1548ರ ಸುಮಾರಿಗೆ, ಆಫ್ರಿಕಾದ ಅಬಿಸೀನಿಯಾ ದೇಶದಲ್ಲಿ. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದಿನ ಮಾರ್ಗವಾಗಿ ದಖ್ಖಣಕ್ಕೆ ಬಂದನು. ಅಹಮದನಗರದ ಪ್ರಧಾನಿ ಚೆಂಗಿಜ್ ಖಾನನು ಅವನನ್ನು ಕೊಂಡನು. ಆ ಪ್ರಧಾನಿಯೂ ಒಂದು ಕಾಲಕ್ಕೆ ಗುಲಾಮನೇ! ಒಡೆಯನು ತೀರಿದ ಮೇಲೆ ಬಿಡುಗಡೆ ಹೊಂದಿದ ಅಂಬರನು ಕೆಲಕಾಲ ನಮ್ಮ ವಿಜಾಪುರದ ದಂಡಿನಲ್ಲಿಯೂ ಚಾಕರಿ ಮಾಡಿದನು.

1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾಯಿತು. ರಾಜ್ಯವೇ ಮುಳುಗಿತೆಂದು ಜನ ತಿಳಿದಿದ್ದಾಗ, ಅಂಬರನು ನಿಜಾಮಶಾಹಿ ವಂಶದ ಮುರ್ತಜಾನನ್ನು ಪಟ್ಟಕ್ಕೆ ತಂದು, ತಾನೇ ಕಾರಭಾರ ವಹಿಸಿದನು. ಮರಾಠಾ ಕುದುರೆ ದಂಡಿನ ನೆರವಿನಿಂದ, ಎದುರು ನಿಲ್ಲದೆ ಕಾಡಿ ದಣಿಸುವ ಯುದ್ಧದಿಂದ ಜಹಾಂಗೀರನ ಸೇನಾಪತಿಗಳನ್ನು ಹಣ್ಣುಮಾಡಿದನು.

ಖಡಕಿ ಎಂಬ ಕಲ್ಲುನೆಲದ ಹಳ್ಳಿಯನ್ನು ಅವನು 1610ರಲ್ಲಿ ರಾಜಧಾನಿಯಾಗಿ ಆರಿಸಿದನು. ಬರಿಯ ಅರಮನೆಯಿಂದ ಊರಾಗದು. ಊರಿಗೆ ನೀರು ಬೇಕು. ನೆಲದೊಳಗೆ ಕಾಲುವೆ ತೋಡಿಸಿ, ದೂರದ ನೀರನ್ನು ಇಳಿಜಾರಿನ ಬಲದಿಂದಲೇ ಊರೊಳಕ್ಕೆ ಹರಿಸಿದನು. ಅದೇ ನಹರ್-ಎ-ಅಂಬರಿ. ನೌಖಂಡಾ ಎದ್ದ 1616ರಲ್ಲಿಯೇ ಮೊಗಲರು ಖಡಕಿಯನ್ನು ಸುಟ್ಟು ಹಾಳುಗೆಡವಿದರು. ಅಂಬರನು ಮತ್ತೆ ಕಟ್ಟಿದನು.

ಆದರೆ ಬೆಂಕಿಯ ಬೇನೆಯನ್ನು ಕಂಡುಂಡವನೇ ಬೆಂಕಿಯಿಟ್ಟ ಸಂಗತಿಯನ್ನೂ ಕನ್ನಡಿಗರು ಮರೆಯುವಂತಿಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಗಲ ಮತ್ತು ವಿಜಾಪುರದ ಕೂಡುದಂಡನ್ನು ಮುರಿದ ಬಳಿಕ ಅವನು ವಿಜಾಪುರವನ್ನು ಮುತ್ತಿದನು. ಸಂಗೀತಪ್ರಿಯನಾದ ಇಬ್ರಾಹಿಂ ಆದಿಲಶಹನು ಆದರದಿಂದ ಕಟ್ಟಿಸುತ್ತಿದ್ದ ನವರಸಪುರವು ಆಗ ಹಾಳಾಯಿತು. ತನ್ನ ಊರನ್ನು ಕಟ್ಟಬಲ್ಲವನಿಗೆ ಪರರ ಊರಿನ ಬೆಲೆ ತಿಳಿಯದೆ ಹೋದದ್ದು ವಿಷಾದದ ಮಾತು.

1626ರಲ್ಲಿ ಅಂಬರನು ತೀರಿಕೊಂಡನು, ಗೋರಿ ಖುಲ್ದಾಬಾದಿನಲ್ಲಿದೆ. ಮಗ ಫತೇಖಾನನು ಊರಿಗೆ ಫತೇನಗರವೆಂದು ಹೆಸರಿಟ್ಟನು. ಮುಂದೆ ಅದು ಔರಂಗಾಬಾದಾಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ನೌಖಂಡಾವನ್ನು ನಿಜಾಮರು ಬೆಳೆಸಿದರು; ಕಾಲವು ಅದನ್ನು ಬಹುಮಟ್ಟಿಗೆ ಅಳಿಸಿತು. ಅದರ ಆವರಣದಲ್ಲಿ ಹೆಣ್ಣುಮಕ್ಕಳ ಕಾಲೇಜು ನಡೆಯಿತು.

ಪರಸ್ಥಳದಿಂದ ಬಂದವನು ಇದ್ದ ನೆಲಕ್ಕೆ ನೀರು ತಂದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವೂ ಈ ಮಾತನ್ನು ನೆನೆಯಬೇಕು: ಇರುವ ಊರಿಗೆ ಏನನ್ನಾದರೂ ಕೊಟ್ಟವನೇ ಆ ಊರಿನವನು.