ಕಥೆಗಾರ ಸ್ಟೀವನ್‌ಸನ್ನನ ಕಡಲ ವಿಹಾರ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಜನಕಪುರಿಯ ನಮ್ಮ ಕನ್ನಡದ ಮನೆಗಳಲ್ಲಿ ಊರಿಗೆ ಹೊರಡುವ ಮಾತು ಮೊದಲಾಗುತ್ತದೆ. ಕರಾವಳಿಯ ಕಡೆಯವರು ನಿಜಾಮುದ್ದೀನ್ ನಿಲ್ದಾಣದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣದ ಸುರಂಗಗಳನ್ನು ದಾಟಿ ಉಡುಪಿಯಲ್ಲಿಳಿಯುತ್ತಾರೆ. ಒಂದು ದಿನ ಅಜ್ಜ ಅಜ್ಜಿಯರೊಡನೆ ಮಲ್ಪೆಗೆ ಹೋಗಿ, ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಸಾಗಿ, ಅಲ್ಲಿಯ ಕಂಬಗಲ್ಲುಗಳನ್ನು ನೋಡಿಕೊಂಡು ಸಂಜೆಯೊಳಗೆ ಮನೆ ಸೇರುತ್ತಾರೆ. ಅಂತಹುದೇ ವಿಹಾರಕ್ಕೆಂದು ತಾಯಿ, ಮಡದಿ, ಮಗನೊಡನೆ ಹಾಯಿಹಡಗನ್ನೇರಿ ಹೊರಟು, ಹುಟ್ಟಿದ ಊರನ್ನು ಮತ್ತೆ ಕಾಣದೆಯೇ ಹೋದ ಒಬ್ಬ ಕಥೆಗಾರನ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇವೆ.

ರಾಬರ್ಟ್ ಲೂಯಿ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ 1850ನೆಯ ಇಸವಿ ನವೆಂಬರ್ 13ರಂದು ಜನಿಸಿದನು. ಆತನದು ದೀಪಸ್ತಂಭಗಳನ್ನು ಕಟ್ಟುವ ಮನೆತನ. ಉಬ್ಬರ ಬಂದಾಗ ನೀರಿನಲ್ಲಿ ಮುಳುಗಿಹೋಗುವ ಬೆಲ್ ರಾಕ್ ಎಂಬ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿದವನು ಆತನ ಅಜ್ಜ. ತಂದೆಯೂ ಅದೇ ಕಸುಬಿನಲ್ಲಿ ಹೆಸರಾದವನು. ಒಬ್ಬನೇ ಮಗನು ಈ ಕೆಲಸವನ್ನು ಮುಂದುವರಿಸುವನೆಂದು ಹೆತ್ತವರು ಆಶಿಸಿದ್ದರೆ ಅದು ಸಹಜವೇ. ಆದರೆ ಬಾಲಕನ ಎದೆ ದುರ್ಬಲವಾಗಿತ್ತು. ಕೆಮ್ಮು ಜ್ವರಗಳಿಂದ ನರಳುತ್ತ, ದಾದಿ ಹೇಳುತ್ತಿದ್ದ ಕಥೆಗಳನ್ನು ಕೇಳುತ್ತ ಆತನು ಎಷ್ಟೋ ರಾತ್ರಿಗಳನ್ನು ಕಳೆದನು. ಮುಂದೆ ಎಂಜಿನಿಯರಿಂಗ್ ಓದಿಗೆ ಸೇರಿ ಅದನ್ನು ಬಿಟ್ಟನು. 1875ರಲ್ಲಿ ವಕೀಲನಾಗಿ, ಅದನ್ನೂ ಬಿಟ್ಟು ಬರಹವನ್ನೇ ನೆಚ್ಚಿದನು. 1880ರಲ್ಲಿ ಫ್ಯಾನಿ ಎಂಬ ಅಮೆರಿಕದ ಮಹಿಳೆಯನ್ನು ವರಿಸಿದನು. ಆಕೆಗೆ ಮೊದಲ ಮದುವೆಯಿಂದ ಮಕ್ಕಳಿದ್ದರು. ಅವರಲ್ಲಿ ಲಾಯ್ಡ್ ಎಂಬ ಹುಡುಗನಿಗೂ ಸ್ಟೀವನ್‌ಸನ್ನನಿಗೂ ಗಾಢವಾದ ಸ್ನೇಹ ಬೆಳೆಯಿತು.

1881ರ ಬೇಸಿಗೆಯಲ್ಲಿ ಈ ಸಂಸಾರವು ಬ್ರೇಮಾರ್ ಎಂಬ ಹಳ್ಳಿಯಲ್ಲಿ ತಂಗಿತ್ತು. ಹೊರಗೆ ಕಾಲಿಡಲಾಗದಂತೆ ಮಳೆ. ಬೇಸರ ಕಳೆಯಲು ಹುಡುಗನೊಡನೆ ಕುಳಿತು ಬಣ್ಣದಲ್ಲಿ ಒಂದು ದ್ವೀಪದ ನಕ್ಷೆಯನ್ನು ಬರೆದರು. ನಕ್ಷೆಯಿಂದ ಕಥೆ ಹುಟ್ಟಿತು. ಬರೆದಷ್ಟನ್ನು ಮನೆಯವರಿಗೆ ಓದಿ ಹೇಳುವುದು ರೂಢಿಯಾಯಿತು. ದೀಪಸ್ತಂಭಗಳ ಗಂಭೀರ ಎಂಜಿನಿಯರಾದ ತಂದೆಯೂ ಮಗುವಿನಂತಾಗಿ, ಕಥೆಯಲ್ಲಿ ಬರುವ ಹಳೆಯ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಪಟ್ಟಿ ಮಾಡಿಕೊಟ್ಟನು. ಹೀಗೆ ಬೆಳೆದದ್ದೇ ‘ಟ್ರೆಷರ್ ಐಲೆಂಡ್’, ಎಂದರೆ ನಿಧಿಯ ದ್ವೀಪ. ಅದು 1883ರಲ್ಲಿ ಪುಸ್ತಕವಾಗಿ ಹೊರಬಂದಿತು. ಲೋಕದ ಮಕ್ಕಳಿಗೆಲ್ಲ ಬಿಸಿಲುನಾಡಿನ ದ್ವೀಪವನ್ನು ತೋರಿಸಿದ ಆ ಲೇಖಕನು ಆಗ ಅಂತಹ ಒಂದು ದ್ವೀಪವನ್ನೂ ಕಣ್ಣಾರೆ ಕಂಡಿರಲಿಲ್ಲ!

1887ರಲ್ಲಿ ತಂದೆ ತೀರಿಕೊಂಡನು. ಆರೋಗ್ಯಕ್ಕಾಗಿ ಸ್ಟೀವನ್‌ಸನ್ ತಾಯಿಯನ್ನೂ ಮಡದಿಯನ್ನೂ ಕರೆದುಕೊಂಡು ಅಮೆರಿಕಕ್ಕೆ ಹೋಗಿ, ಅಲ್ಲಿಯ ಬೆಟ್ಟಗಳ ನಡುವೆ ಮೈಕೊರೆಯುವ ಚಳಿಗಾಲವನ್ನು ಕಳೆದನು. ಸಮುದ್ರದ ಗಾಳಿಯೇ ತನಗೆ ಮದ್ದೆಂದು ಆತನ ಮನಸ್ಸು ಹೇಳುತ್ತಿತ್ತು. ಫ್ಯಾನಿ ಮುಂದಾಗಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಬಾಡಿಗೆಗೆ ಹಡಗೊಂದು ದೊರೆಯುವುದೆಂದು ತಂತಿ ಕಳುಹಿಸಿದಳು. ಅದೇ ‘ಕಾಸ್ಕೊ’, ಸುಮಾರು 95 ಅಡಿ ಉದ್ದದ, ಎರಡು ಕೂವೆಮರಗಳ ಹಾಯಿಹಡಗು. ತಂದೆಯಿಂದ ಬಂದ ಹಣದಲ್ಲಿ ಸುಮಾರು 2,000 ಪೌಂಡುಗಳನ್ನು ಈ ಯಾತ್ರೆಗೆ ತೆಗೆದಿರಿಸಿದನು. ನಮ್ಮ ಹಿರಿಯರು ಕೇಳಿದರೆ ದುಂದುವೆಚ್ಚವೆಂದು ತಲೆಯಾಡಿಸಿಯಾರು; ಆದರೆ ಕೈಯಲ್ಲಿ ಹಣವಿದ್ದು ಮೈಯಲ್ಲಿ ಪ್ರಾಣ ನಿಲ್ಲುವುದೇ ಅನುಮಾನವಾಗಿದ್ದವನ ಲೆಕ್ಕವೇ ಬೇರೆ. ರೋಗಿಯ ಸ್ಥಿತಿಯನ್ನು ಕಂಡ ಕಪ್ತಾನ ಓಟಿಸನು ಕಡಲಿನಲ್ಲೇ ಶವಸಂಸ್ಕಾರ ಮಾಡಬೇಕಾದೀತೆಂದು ಬೇಕಾದ ಸಾಮಗ್ರಿಯನ್ನು ಜೊತೆಗಿಟ್ಟುಕೊಂಡಿದ್ದನೆಂದು ಹೇಳುವರು.

1888ನೆಯ ಜೂನ್ 28ರಂದು ಕಾಸ್ಕೊ ಸಾನ್ ಫ್ರಾನ್ಸಿಸ್ಕೊ ಬಂದರಿನಿಂದ ಹೊರಟಿತು. ತಿಂಗಳ ಕಾಲ ನೆಲದ ಸುಳಿವಿಲ್ಲ. ಫ್ಯಾನಿಗೆ ಅಲೆಗಳ ತೂಗಾಟದಿಂದ ತಲೆಸುತ್ತು, ವಾಂತಿ. ರೋಗಿಯೆನಿಸಿದ್ದವನಾದರೋ ಹಡಗಿನ ಮೇಲಟ್ಟದಲ್ಲಿ ಬಿಸಿಲು ಕಾಯುತ್ತ ಚೇತರಿಸತೊಡಗಿದನು. ಈ ಪ್ರಯಾಣದಲ್ಲಿ ನಮಗೆ ಎಲ್ಲರಿಗಿಂತ ಅಚ್ಚರಿಯೆನಿಸುವವಳು ಆತನ ತಾಯಿ. ವಯಸ್ಸು 59, ಆಚಾರಶೀಲೆ, ತಲೆಯ ಮೇಲೆ ವಿಧವೆಯರ ಬಿಳಿಯ ಕುಲಾವಿ. ಎಡಿನ್‌ಬರೊದ ದಿವಾನಖಾನೆಯಿಂದ ಬಂದ ಆ ಮುದುಕಿಯು ಮಾರ್ಕೆಸಸ್ ದ್ವೀಪಗಳ ಮರಳಿನಲ್ಲಿ ಬರಿಗಾಲಿನಲ್ಲಿ ಅಡ್ಡಾಡಿ ಚಿಪ್ಪುಗಳನ್ನು ಆಯ್ದಳು.

ಮಾರ್ಕೆಸಸ್ ದ್ವೀಪಗಳಲ್ಲಿ ಸ್ಟೀವನ್‌ಸನ್ ಕಂಡದ್ದು ಸೊಬಗನ್ನು ಮಾತ್ರವಲ್ಲ. ಹೊರನಾಡಿನವರು ತಂದ ರೋಗಗಳಿಂದ ಅಲ್ಲಿಯ ಹಳ್ಳಿಗಳು ಬರಿದಾಗುತ್ತಿದ್ದುವು. ಆತನು ಆ ಜನರೊಡನೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕುಲಗಳ ಕಥೆಯನ್ನು ಹೇಳಿ, ಬದಲಿಗೆ ಅವರ ಕಥೆಯನ್ನು ಪಡೆಯುತ್ತಿದ್ದನು. ಸಾಹಸದ ಬಣ್ಣದ ಪತ್ರಗಳನ್ನು ಬಯಸಿದ್ದ ಪತ್ರಿಕೆಯವರಿಗೆ ಈ ವಿಚಾರಪೂರ್ಣ ಬರಹಗಳು ಅಷ್ಟಾಗಿ ರುಚಿಸಲಿಲ್ಲ.

ಮುಂದೆ ತಾಹಿತಿಗೆ ಬರುವ ಹೊತ್ತಿಗೆ ಕಾಯಿಲೆ ಮರಳಿ ಬಂದಿತು. ತೌತಿರ ಎಂಬ ಹಳ್ಳಿಯಲ್ಲಿ ಮೊಎ ಎಂಬ ರಾಜಮನೆತನದ ಹೆಣ್ಣುಮಗಳು ಹಸಿಮೀನನ್ನು ತೆಂಗಿನ ಹಾಲಿನಲ್ಲಿ ಕಲಸಿ ಉಣಿಸಿ ಆತನನ್ನು ಉಪಚರಿಸಿದಳು. ಅಲ್ಲಿಯ ಮುಖಂಡ ಓರಿಯು ತನ್ನ ಮನೆಯನ್ನೇ ಬಿಟ್ಟುಕೊಟ್ಟು, ಆ ನಾಡಿನ ಪದ್ಧತಿಯಂತೆ ಸ್ಟೀವನ್‌ಸನ್ನನೊಡನೆ ಹೆಸರನ್ನು ಅದಲುಬದಲು ಮಾಡಿಕೊಂಡು ಸೋದರನಾದನು. ಒಂದು ದಿನ ತಾಯಿಯು ಹಳ್ಳಿಯ ಹೆಂಗಸರನ್ನು ಹಡಗಿಗೆ ಕರೆದು ಸತ್ಕರಿಸಿದಳು. ಅವರಲ್ಲೊಬ್ಬಳು, ಹಡಗಿನಲ್ಲಿ ಕೇಡೇನಾದರೂ ಇದ್ದರೆ ಅದು ಬಯಲಾಗಲೆಂದು ಪ್ರಾರ್ಥಿಸಿದಳು. ಅವರು ಹೋದ ಬಳಿಕ ಕಪ್ತಾನನು ಪರೀಕ್ಷಿಸಲಾಗಿ ದೊಡ್ಡ ಕೂವೆಮರದ ತಲೆಯೇ ಒಳಗೊಳಗೆ ಕೊಳೆತು ಲಡ್ಡಾಗಿತ್ತು! ಬಿರುಗಾಳಿಯೊಂದು ಬೀಸಿದ್ದರೆ ಸಂಸಾರಕ್ಕೆ ಸಂಸಾರವೇ ನೀರುಪಾಲಾಗುತ್ತಿತ್ತು. ಹಡಗು ದುರಸ್ತಿಗೆ ಹೋಗಿ ವಾರಗಟ್ಟಲೆ ಬರಲಿಲ್ಲ. ಇವರ ಕೈಯಲ್ಲಿದ್ದ ಸಾಮಾನು ತೀರಿತು. ಆಗ ಓರಿಯು ಒರಟಾದ ಕಡಲಿನಲ್ಲಿ ದೋಣಿ ಹೂಡಿ ಪಪೀತೆ ಪಟ್ಟಣಕ್ಕೆ ಹೋಗಿ ಆಹಾರವನ್ನೂ ಸುದ್ದಿಯನ್ನೂ ತಂದನು. ಕ್ರಿಸ್‌ಮಸ್ ದಿನ ಹಡಗು ಹೊರಟಾಗ ಎರಡು ಕಡೆಯವರೂ ಅತ್ತರು.

1889ರ ಜನವರಿಯಲ್ಲಿ ಹೊನಲೂಲು ಸೇರಿದಲ್ಲಿಗೆ ಕಾಸ್ಕೊದ ಬಾಡಿಗೆ ಮುಗಿಯಿತು. ಕೆಲವು ತಿಂಗಳ ಮೇಲೆ ತಾಯಿ ಊರಿಗೆ ಮರಳಿದಳು. ಮಗನು ಮಾತ್ರ ಬೇರೆ ಹಡಗು ಹಿಡಿದು ಗಿಲ್ಬರ್ಟ್ ದ್ವೀಪಗಳನ್ನು ಸುತ್ತಿ, ಅದೇ ಡಿಸೆಂಬರಿನಲ್ಲಿ ಸಮೋವ ತಲಪಿದನು. 1890ರಲ್ಲಿ ಸಿಡ್ನಿಗೆ ಹೋದಾಗ ಮತ್ತೆ ಹಾಸಿಗೆ ಹಿಡಿಯಿತು. ತಂಪುನಾಡಿಗೆ ತಾನಿನ್ನು ಮರಳುವಂತಿಲ್ಲವೆಂದು ಆಗ ನಿಶ್ಚಯವಾಯಿತು. ಸಮೋವದ ವೈಲಿಮದಲ್ಲಿ ಕಾಡನ್ನು ಕಡಿಸಿ ಮನೆ ಕಟ್ಟಿಸಿದನು. ತಾಯಿಯೂ ಅಲ್ಲಿಗೇ ಬಂದಳು. ಜನರು ಆತನನ್ನು ತುಸಿತಾಲ, ಎಂದರೆ ಕಥೆ ಹೇಳುವವನು, ಎಂದು ಕರೆದರು. ಜರ್ಮನಿ, ಬ್ರಿಟನ್, ಅಮೆರಿಕಗಳು ಆ ಪುಟ್ಟ ನಾಡಿಗಾಗಿ ಕಾದಾಡುತ್ತಿದ್ದಾಗ ಆತನು ದ್ವೀಪದವರ ಪರವಾಗಿ ಬರೆದನು. ಸೆರೆಯಲ್ಲಿದ್ದ ಮುಖಂಡರಿಗೆ ಆಹಾರ ಒಯ್ದನು. ಬಿಡುಗಡೆಯಾದ ಅವರು 1894ರಲ್ಲಿ ತಾವೇ ದುಡಿದು ಆತನ ಮನೆಗೆ ರಸ್ತೆ ಮಾಡಿಕೊಟ್ಟರು.

ಆ ವರ್ಷದ ಡಿಸೆಂಬರ್ 3ರ ಸಂಜೆ, ಅಡುಗೆಗೆ ಮಡದಿಯೊಡನೆ ಕೈಗೂಡಿಸುತ್ತಿದ್ದವನು ತಲೆ ಹಿಡಿದುಕೊಂಡು ಕುಸಿದನು. ಭಯಪಟ್ಟಂತೆ ಎದೆಯ ರೋಗವಲ್ಲ, ಮಿದುಳಿನ ರಕ್ತಸ್ರಾವ. ವಯಸ್ಸು 44. ವಯಾ ಬೆಟ್ಟದ ನೆತ್ತಿಗೆ ದಾರಿಯಿರಲಿಲ್ಲ. ಸಮೋವದವರು ಕಾಡನ್ನು ಕಡಿದು ದಾರಿ ಮಾಡಿ, ಮರುದಿನ ಆತನನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೊಯ್ದರು. ತಾಯಿ ಎಡಿನ್‌ಬರೊಗೆ ಮರಳಿ 1897ರಲ್ಲಿ ತೀರಿಕೊಂಡಳು. ಕಾಸ್ಕೊ ಹಲವು ಕೈ ಬದಲಾಯಿಸಿ, 1919ರಲ್ಲಿ ಅಲಾಸ್ಕದಾಚೆ ಬೇರಿಂಗ್ ಸಮುದ್ರದ ಕಿಂಗ್ ದ್ವೀಪಕ್ಕೆ ಬಡಿದು ಒಡೆಯಿತು.