ಫೈಲ್ ಜಾರಿತು, ಹಿಮನದಿ ಸಿಕ್ಕಿತು

ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಫಿಟ್ಟಿಂಗ್ ಮಾಡಿದವರಿಗೆಲ್ಲ ಫೈಲ್ ಅಂದ್ರೆ ಏನು ಅಂತ ಗೊತ್ತು. ಅದರ ಒಂದು ತುದಿ ಮೊಳೆಯ ಹಾಗೆ ಚೂಪಾಗಿರುತ್ತೆ, ಅದಕ್ಕೇ ಮರದ ಹಿಡಿ ಸಿಕ್ಕಿಸೋದು. 1867ರ ಮಾರ್ಚ್‌ನಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನ ಒಂದು ಗಾಡಿ ಬಿಡಿಭಾಗಗಳ ಕಾರ್ಖಾನೆಯಲ್ಲಿ 28 ವರ್ಷದ ಮೆಕ್ಯಾನಿಕ್ ಒಬ್ಬ ಮೆಷಿನ್ ಬೆಲ್ಟ್‌ನ ಹೊಲಿಗೆ ಬಿಚ್ಚುತ್ತಾ ಇದ್ದ. ಫೈಲ್ ಜಾರಿತು. ಚೂಪು ತುದಿ ಬಲಗಣ್ಣಿಗೆ ಚುಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಆ ಕಣ್ಣು ಕಾಣದಾಯ್ತು. ಆಮೇಲೆ ಏನೂ ಆಗದಿದ್ದ ಎಡಗಣ್ಣೂ ಮಂಕಾಯ್ತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ ಆ ಮೆಕ್ಯಾನಿಕ್ ಹೆಸರು ಜಾನ್ ಮ್ಯೂರ್.

ಇವತ್ತು ಅಲಾಸ್ಕಾ ಕ್ರೂಸ್ ಅಂತ ಹುಡುಕಿದ್ರೆ ದೊಡ್ಡ ಬಿಳಿ ಹಡಗು, ಅದರ ಮುಂದೆ ನೀಲಿ ಮಂಜಿನ ಗೋಡೆ ಇರೋ ಫೋಟೋಗಳು ಬರ್ತವಲ್ಲ, ಆ ದಾರಿಗೆ ಜನರನ್ನ ಎಳೆದು ತಂದವರಲ್ಲಿ ಮೊದಲ ಹೆಸರು ಇವನದೇ.

ಮ್ಯೂರ್ ಹುಟ್ಟಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡ್‌ನ ಡನ್‌ಬಾರ್ ಅನ್ನೋ ಕಡಲ ಊರಲ್ಲಿ. 11ನೇ ವಯಸ್ಸಿಗೆ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂತು. ಅಪ್ಪ ತುಂಬಾ ಕಟ್ಟುನಿಟ್ಟು. ಹಗಲೆಲ್ಲ ಹೊಲದ ಕೆಲಸ, ಓದೋಕೆ ಟೈಮೇ ಇಲ್ಲ. ಹಾಗಾಗಿ ಹುಡುಗ ನಡುರಾತ್ರಿ ಕಳೆದ ಮೇಲೆ ಎದ್ದು ನೆಲಮಾಳಿಗೆಯಲ್ಲಿ ಕೂತು ಮರದಲ್ಲಿ ಗಡಿಯಾರ ಮಾಡೋಕೆ ಶುರು ಮಾಡಿದ. ಹೊತ್ತಿಗೆ ಸರಿಯಾಗಿ ಮಲಗಿದವನನ್ನ ಎತ್ತಿ ನಿಲ್ಲಿಸೋ ಮಂಚ ಒಂದು ಮಾಡಿದ. ಇನ್ನೊಂದು ಓದುವ ಮೇಜು: ಅದು ಪುಸ್ತಕವನ್ನ ತಾನೇ ಮುಂದೆ ತಂದು, ನಿಗದಿಯಾದಷ್ಟು ನಿಮಿಷ ತೆರೆದಿಟ್ಟು, ಆಮೇಲೆ ತೆಗೆದು ಮುಂದಿನ ಪುಸ್ತಕ ಕೊಡುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ ನಮಗೂ ಇಂಥದ್ದೊಂದು ಬೇಕು ಅನ್ಸಲ್ವಾ? ಆ ಮೇಜು ಈಗಲೂ ವಿಸ್ಕಾನ್ಸಿನ್‌ನಲ್ಲಿ ಉಳಿದಿದೆ. ಈ ಮೆಷಿನ್‌ಗಳೇ 1860ರ ರಾಜ್ಯ ಮೇಳದಲ್ಲಿ ಹೆಸರು ತಂದು ವಿಶ್ವವಿದ್ಯಾಲಯದ ಬಾಗಿಲು ತೆರೆದವು. ಆದರೆ ಡಿಗ್ರಿ ಮುಗಿಸದೆ 1863ರಲ್ಲಿ ಹೊರಗೆ ಬಂದ.

ಕಾರ್ಖಾನೆಯಲ್ಲಿ ಅವನಿಗೆ ಒಳ್ಳೆ ಭವಿಷ್ಯ ಇತ್ತು. ಕೆಲಸದ ದಕ್ಷತೆ ಹೆಚ್ಚಿಸೋದರಲ್ಲಿ ಎತ್ತಿದ ಕೈ. ಆದರೆ ಕಣ್ಣು ವಾಪಸ್ ಬಂದ ಮೇಲೆ ಮ್ಯೂರ್ ಮೆಷಿನ್ ಕಡೆ ತಿರುಗಲಿಲ್ಲ. ಇನ್ನು ಉಳಿದ ದೃಷ್ಟಿಯನ್ನ ಕಾಡು, ಬೆಟ್ಟ ನೋಡೋಕೇ ಇಡ್ತೀನಿ ಅಂತ ತೀರ್ಮಾನಿಸಿ ಫ್ಲಾರಿಡಾ ತೀರದವರೆಗೆ ಸುಮಾರು 1000 ಮೈಲಿ ನಡೆದ. 1868ರಲ್ಲಿ ಕ್ಯಾಲಿಫೋರ್ನಿಯಾ ಮುಟ್ಟಿ ಯೊಸೆಮಿಟಿ ಕಣಿವೆ ಸೇರಿದ.

ಕೆಲಸ ಬಿಟ್ಟ ಅಂದ ಮಾತ್ರಕ್ಕೆ ಎಂಜಿನಿಯರ್ ಬುದ್ಧಿ ಹೋಗುತ್ತಾ? ಆಗ ರಾಜ್ಯದ ಮುಖ್ಯ ಭೂವಿಜ್ಞಾನಿ ಆಗಿದ್ದ ಜೋಸಯ್ಯ ವಿಟ್ನಿ, ಯೊಸೆಮಿಟಿ ಕಣಿವೆ ಆಗಿದ್ದು ನೆಲ ಕುಸಿದು ಅಂತ ಹೇಳ್ತಿದ್ದರು. ಮ್ಯೂರ್ ಹೇಳಿದ್ದು ಬೇರೆ. ವರ್ಷ ವರ್ಷ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ಗಡ್ಡೆಯಾಗುತ್ತೆ, ಇಳಿಜಾರಲ್ಲಿ ನದಿ ಥರ ನಿಧಾನವಾಗಿ ಹರಿಯುತ್ತೆ, ಹರಿಯುತ್ತಾ ಬಂಡೆಯನ್ನ ಉಜ್ಜಿ ಕೊರೆಯುತ್ತೆ. ಹಿಮನದಿ ಅಂದ್ರೆ ಇದೇ. ಕುರಿ ಕಾಯೋನಿಗೆ ಏನು ಗೊತ್ತು ಅನ್ನೋ ಧಾಟಿಯಲ್ಲಿ ದೊಡ್ಡವರು ತಳ್ಳಿಹಾಕಿದರು. ಮ್ಯೂರ್ ವಾದ ಮಾಡ್ತಾ ಕೂರಲಿಲ್ಲ. 1872ರ ಆಗಸ್ಟ್‌ನಲ್ಲಿ ಸಿಯೆರಾ ಬೆಟ್ಟದ ಮೆಕ್ಲೂರ್ ಹಿಮನದಿಯ ಮೇಲೆ ಸಾಲಾಗಿ ಗೂಟ ನೆಟ್ಟು ಬಂದ. 46 ದಿನ ಬಿಟ್ಟು ಹೋಗಿ ಅಳೆದರೆ ನಡುವಿನ ಗೂಟ 47 ಇಂಚು ಕೆಳಗೆ ಸರಿದಿತ್ತು. ಸರಳ ಉಪಕರಣ, ಜೊತೆಗೆ ತಾಳ್ಮೆ. ಪೂರ್ತಿ ಕಣಿವೆಯನ್ನ ಹಿಮವೇ ಕೊರೆಯಿತು ಅಂದಿದ್ದು ಸ್ವಲ್ಪ ಅತಿಯಾಯ್ತು, ನದಿಯ ಪಾಲೂ ಇದೆ ಅಂತ ಇವತ್ತಿನ ವಿಜ್ಞಾನ ಹೇಳುತ್ತೆ. ಆದರೆ ಹಿಮದ ವಿಷಯದಲ್ಲಿ ಅವನು ನೋಡಿದ್ದು ನಿಜ.

ಸಿಯೆರಾದಲ್ಲಿ ಉಳಿದಿದ್ದು ಸಣ್ಣ ಸಣ್ಣ ಹಿಮನದಿಗಳು. ಕಣಿವೆಯನ್ನೇ ಕೊರೆಯೋ ದೊಡ್ಡದನ್ನ ನೋಡ್ಬೇಕು ಅಂದ್ರೆ ಉತ್ತರಕ್ಕೆ ಹೋಗಬೇಕು. 1879ರಲ್ಲಿ ಸ್ಟೀಮರ್ ಹತ್ತಿ ಅಲಾಸ್ಕಾದ ಫೋರ್ಟ್ ರ‍್ಯಾಂಗಲ್ ಬಂದರಿಗೆ ಹೋದ. ಅಕ್ಟೋಬರ್ ಮಧ್ಯದಲ್ಲಿ, ಮಳೆ ಚಳಿ ಶುರುವಾದ ಕಾಲದಲ್ಲಿ, ಪಾದ್ರಿ ಹಾಲ್ ಯಂಗ್ ಜೊತೆ ದೋಣಿಯಲ್ಲಿ ಹೊರಟ. ದೋಣಿ ನಡೆಸಿದ್ದು ಅಲ್ಲಿನ ಟ್ಲಿಂಗಿಟ್ ಜನ. ಅವರ ನಾಯಕ ತೋಯಾಟೆ, ದೋಣಿ ಅವನದೇ. ದಾರಿಯಲ್ಲಿ ಸೀಲ್ ಬೇಟೆಯ ಗುಡಿಸಲಲ್ಲಿ ಸಿಕ್ಕ ಹೂನಾ ಪಂಗಡದವನೊಬ್ಬ ಮುಂದೆ ಕೂತು ದಾರಿ ತೋರಿಸಿದ. ಇಂಥ ಹವೆಯಲ್ಲಿ ಬರೀ ತಿಳ್ಕೊಳ್ಳೋಕೆ ಅಂತ ಮಂಜಿನ ಬೆಟ್ಟ ಹತ್ತೋ ಈ ಮನುಷ್ಯ ಮಾಟಗಾರನೇ ಇರಬೇಕು ಅಂತ ತೋಯಾಟೆಗೆ ಅನುಮಾನ ಬಂದಿತ್ತಂತೆ. ಆದರೂ ಕರ್ಕೊಂಡು ಹೋದ. ಮರುವರ್ಷ ಜನವರಿಯಲ್ಲಿ, ಎರಡು ಪಂಗಡಗಳ ಜಗಳ ಬಿಡಿಸೋಕೆ ಹೋಗಿ ತೋಯಾಟೆ ಗುಂಡೇಟಿಗೆ ಸತ್ತ.

ಅವರು ಹೊಕ್ಕ ಜಾಗ ಗ್ಲೇಸಿಯರ್ ಬೇ. 1794ರಲ್ಲಿ ವ್ಯಾಂಕೂವರ್ ತಂಡ ಬಂದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲ ಅನ್ನಬಹುದು, ಬಾಯಲ್ಲೇ ಮಂಜಿನ ಗೋಡೆ. 85 ವರ್ಷದಲ್ಲಿ ಆ ಗೋಡೆ ಹತ್ತಾರು ಮೈಲಿ ಹಿಂದೆ ಸರಿದಿತ್ತು. ಮ್ಯೂರ್ ಇದನ್ನ ಕಂಡುಹಿಡಿದ ಅಂತ ತುಂಬಾ ಕಡೆ ಬರೆದಿರ್ತಾರೆ. ಆದರೆ ಹೂನಾ ಜನರ ಹಿರಿಯರು ಅಲ್ಲೇ ಬಾಳಿದವರು. 18ನೇ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರ ಊರುಗಳನ್ನ ನುಂಗಿತು. ಆ ನೆನಪು ಅವರ ಕಥೆಗಳಲ್ಲಿತ್ತು.

ಮ್ಯೂರ್ ಪತ್ರಿಕೆಗೆ ಬರೆದ ಪತ್ರಗಳನ್ನ ಜನ ಓದಿದರು. 1883ರಲ್ಲಿ ಕ್ಯಾಪ್ಟನ್ ಕ್ಯಾರೊಲ್ ತನ್ನ ಸ್ಟೀಮರ್‌ನಲ್ಲಿ ಪ್ರವಾಸಿಗರನ್ನ ಅಲ್ಲಿಗೇ ತಂದ. ಮುಖ್ಯ ಹಿಮನದಿಗೆ ಮ್ಯೂರ್ ಹೆಸರು ಬಂತು. ಬೇಸಿಗೆ ಬಂದ್ರೆ ಹಡಗುಗಳ ಸಾಲು. ಮ್ಯೂರ್ ಅಷ್ಟರಲ್ಲಿ ಮದುವೆಯಾಗಿ ಹಣ್ಣಿನ ತೋಟ ನೋಡ್ಕೊಳ್ತಾ ಇದ್ದ. 1890ರಲ್ಲಿ ಬಿಡದ ಕೆಮ್ಮು ಇಟ್ಟುಕೊಂಡೇ ವಾಪಸ್ ಹೋಗಿ, ಆ ಹಿಮನದಿಯ ಮೇಲೆ ಒಬ್ಬನೇ ಗಾಡಿ ಎಳ್ಕೊಂಡು ದಿನಗಟ್ಟಲೆ ಅಲೆದ. ಹಿಮದ ಬೆಳಕಿಗೆ ಕಣ್ಣು ಉರಿದು ಮತ್ತೊಮ್ಮೆ ಸರಿಯಾಗಿ ಕಾಣದಾಯ್ತು. ಹಿಮದ ಪಟ್ಟಿ ಕಟ್ಟಿಕೊಂಡು ಸುಧಾರಿಸಿಕೊಂಡು ಮತ್ತೆ ನಡೆದ. ಹಣೆಬರಹ ಅಂದ್ರೆ ಇದೇ ಇರಬೇಕು.

1892ರಲ್ಲಿ ಸಿಯೆರಾ ಕ್ಲಬ್ ಶುರುವಾದಾಗ ಅವನೇ ಅಧ್ಯಕ್ಷ. ಆದರೆ 1913ರಲ್ಲಿ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟೋ ವಿಷಯದಲ್ಲಿ ಸೋತ. ಅವನ ಹಳೆಯ ಬರಹಗಳಲ್ಲಿ ಕಪ್ಪು ಜನ ಮತ್ತು ಮೂಲನಿವಾಸಿಗಳ ಬಗ್ಗೆ ಕೆಟ್ಟ ಮಾತುಗಳೂ ಇವೆ, ಅದನ್ನ 2020ರಲ್ಲಿ ಆ ಕ್ಲಬ್ಬೇ ಒಪ್ಪಿಕೊಂಡಿತು. ಬಂಡೆಯ ಗೀರು ಅಷ್ಟು ಚೆನ್ನಾಗಿ ಓದಿದವನಿಗೆ ಮನುಷ್ಯರನ್ನ ಓದೋಕೆ ಟೈಮ್ ಹಿಡಿಯಿತು. ಟ್ಲಿಂಗಿಟ್ ಜನರ ಜೊತೆ ದೋಣಿಯಲ್ಲಿ ಕೂತ ಮೇಲೆ ಬರೆದಿದ್ದರಲ್ಲಿ ಗೌರವ ಕಾಣುತ್ತೆ.

1914ರ ಡಿಸೆಂಬರ್ 24ರಂದು ಲಾಸ್ ಏಂಜಲೀಸ್‌ನಲ್ಲಿ ಮ್ಯೂರ್ ತೀರಿಕೊಂಡ. ಅಲಾಸ್ಕಾ ಪ್ರವಾಸದ ಪುಸ್ತಕ ಇನ್ನೂ ಮುಗಿದಿರಲಿಲ್ಲ, ಮರುವರ್ಷ ಅಚ್ಚಾಯ್ತು.

ಈಗ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗು ಬಿಡಲ್ಲ. 2016ರಲ್ಲಿ ಹೂನಾ ಜನರಿಗಾಗಿ ಅಲ್ಲೇ ಕುಲದ ಮನೆ ಕಟ್ಟಿದ್ದಾರೆ. ಆದರೆ ಹಡಗಿನಿಂದ ನೋಡೋಕೆ ಮ್ಯೂರ್ ಹಿಮನದಿ ಇಲ್ಲ, ಅದು ಸಮುದ್ರ ಬಿಟ್ಟು ಒಳಗೆ ಸರಿದಿದೆ. 1941ರಲ್ಲಿ ಮತ್ತು 2004ರಲ್ಲಿ ಒಂದೇ ಜಾಗದಲ್ಲಿ ನಿಂತು ತೆಗೆದ ಎರಡು ಫೋಟೋ ಇವೆ, ಹುಡುಕಿ ನೋಡಿ. ಮೊದಲನೆಯದರಲ್ಲಿ ಮಂಜು, ಎರಡನೆಯದರಲ್ಲಿ ನೀರು, ಹಸಿರು ಗುಡ್ಡ. ಈ ಕೊಲ್ಲಿಯ ಮಂಜು ಕರಗೋಕೆ ಶುರುವಾಗಿದ್ದು ಮ್ಯೂರ್ ಹುಟ್ಟೋ ಮೊದಲೇ, ಹಾಗಾಗಿ ಎಲ್ಲದಕ್ಕೂ ನಮ್ಮ ಹೊಗೆಯೇ ಕಾರಣ ಅನ್ನೋ ಹಾಗಿಲ್ಲ. ಆದರೆ ಎಲ್ಲಿತ್ತು, ಎಷ್ಟು ಸರಿಯಿತು ಅಂತ ಇವತ್ತು ಯಾರಾದ್ರೂ ಹೇಳೋಕೆ ಆಗ್ತಿದ್ರೆ, ಅದು ನೋಡಿದವರು ಬರೆದಿಟ್ಟಿದ್ದರಿಂದ. ಡಿಗ್ರಿ ಮುಗಿಸದ ಒಬ್ಬ ಮೆಕ್ಯಾನಿಕ್ ನೋಟ್‌ಬುಕ್ಕೂ ಅದರಲ್ಲಿ ಸೇರಿದೆ.