ಲಂಡನ್ನಿನ ವಿದ್ಯಾರ್ಥಿಯ ಲೆಕ್ಕದ ಪುಸ್ತಕ

1888ನೆಯ ಇಸವಿ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿಯವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಮುಂಬಯಿಯಲ್ಲಿ ಹಡಗನ್ನೇರಿದರು. ಆಗ ಅವರಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಮದ್ಯ, ಮಾಂಸ, ಸ್ತ್ರೀಸಂಗಗಳಿಂದ ದೂರವಿರುವ ಪ್ರತಿಜ್ಞೆಯನ್ನು ಜೈನ ಸಾಧುಗಳಾದ ಬೇಚರಜೀ ಸ್ವಾಮಿಗಳು ಹೊರಡುವ ಮುನ್ನವೇ ಮಾಡಿಸಿದ್ದರು. ತಾಯಿ ಪುತಲೀಬಾಯಿಯವರು ಒಪ್ಪಿಗೆಯಿತ್ತದ್ದು ಆ ಬಳಿಕ. ಆಕೆ ಸ್ವತಃ ಕಠಿನ ವ್ರತನಿಷ್ಠೆಯವರು. ಒಂದು ಚಾತುರ್ಮಾಸ್ಯದಲ್ಲಿ ಸೂರ್ಯದರ್ಶನವಾಗದೆ ಉಣ್ಣುವುದಿಲ್ಲವೆಂದು ನಿಯಮ ಹಿಡಿದಿದ್ದರು. ಸೂರ್ಯ ಕಂಡನೆಂದು ಮಕ್ಕಳು ಕೂಗಿದಾಗ ಆಕೆ ಹೊರಬರುವಷ್ಟರಲ್ಲಿ ಮೋಡ ಕವಿದರೆ, ಬೇಸರವಿಲ್ಲದೆ ಕೆಲಸಕ್ಕೆ ಮರಳುತ್ತಿದ್ದರು.

ಪ್ರತಿಜ್ಞೆಯೇನೋ ಭಂಗವಾಗಲಿಲ್ಲ. ಆದರೆ ಅದರ ಮಾತಿಗೆ ಸಿಕ್ಕದ ಮೋಹಗಳು ಲಂಡನ್ನಿನಲ್ಲಿ ಬೇಕಾದಷ್ಟಿದ್ದವು. ಹತ್ತೊಂಬತ್ತು ಷಿಲಿಂಗಿನ ಟೋಪಿ, ಹತ್ತು ಪೌಂಡಿನ ಸಂಜೆಯುಡುಪು, ನೃತ್ಯದ ಪಾಠ, ಪಿಟೀಲು: ಈ ಹುಚ್ಚು ಸುಮಾರು ಮೂರು ತಿಂಗಳು ನಡೆಯಿತು. ಆ ದಿನಗಳಲ್ಲೂ ತಪ್ಪದೆ ಉಳಿದದ್ದು ಒಂದು ರೂಢಿ. ಬಸ್ಸಿನ ಬಾಡಿಗೆ, ಅಂಚೆಚೀಟಿ, ವೃತ್ತಪತ್ರಿಕೆಗೆ ಕೊಟ್ಟ ಚಿಲ್ಲರೆ, ಎಲ್ಲವನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಲೆಕ್ಕವನ್ನು ಸರಿತೂಗಿಸುವುದು. ಸಂಜೆಯ ಪ್ರತಿಕ್ರಮಣವನ್ನು ಬಲ್ಲ ಶ್ರಾವಕರಿಗೆ ಇದು ತೀರ ಅಪರಿಚಿತವೆನಿಸದು.

ಲೆಕ್ಕದ ಪುಸ್ತಕವು ಯಾರನ್ನೂ ಬೈಯುವುದಿಲ್ಲ, ಸುಮ್ಮನೆ ತೋರಿಸುತ್ತದೆ. ಕೇಳಿದಾಗಲೆಲ್ಲ ಹಣ ಕಳುಹಿಸುತ್ತಿದ್ದ ಅಣ್ಣನ ಔದಾರ್ಯವನ್ನು ನೆನೆದು ತಮ್ಮನ ಮನಸ್ಸು ನೊಂದಿತು. ಖರ್ಚನ್ನು ಅರ್ಧಕ್ಕಿಳಿಸಲು ನಿಶ್ಚಯಿಸಿ, ಪರರ ಮನೆಯ ಭೋಜನವಸತಿಯನ್ನು ಬಿಟ್ಟು, ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಬಾಡಿಗೆಗೆ ಕೋಣೆ ಹಿಡಿದರು. ಬಂಡಿಯ ಖರ್ಚು ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲಿಗಳ ನಡಿಗೆಯೂ ಆಯಿತು, ದೇಹವೂ ಗಟ್ಟಿಯಾಯಿತು. ಮುಂದೆ ಒಂದೇ ಕೋಣೆ, ಒಂದು ಒಲೆ. ಬೆಳಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ರಾತ್ರಿ ರೊಟ್ಟಿ ಮತ್ತು ಕೋಕೋ, ಮಧ್ಯಾಹ್ನದ ಊಟ ಮಾತ್ರ ಹೊರಗೆ. ದಿನದ ಆಹಾರವೆಚ್ಚ ಒಂದು ಷಿಲಿಂಗ್ ಮೂರು ಪೆನ್ಸ್. ಇದೇ ಕಾಲದಲ್ಲಿ ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಗೂ ಓದು ನಡೆದಿತ್ತು. ಮೊದಲ ಸಲ ಲ್ಯಾಟಿನ್ನಿನಲ್ಲಿ ಸೋತು, 1890ರ ಜೂನ್‌ನಲ್ಲಿ ತೇರ್ಗಡೆಯಾದರು.

1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 12ರಂದು ಸ್ವದೇಶಕ್ಕೆ ಪಯಣ. ಪ್ರತಿಜ್ಞೆಯನ್ನು ಕಾಪಾಡಿಕೊಂಡು ಬಂದ ಮಗನಿಗೆ ತಾಯಿ ತೀರಿಕೊಂಡ ಸುದ್ದಿ ತಿಳಿದದ್ದು ಮುಂಬಯಿಯಲ್ಲಿ ಇಳಿದ ಮೇಲೆಯೇ. ಪರದೇಶದಲ್ಲಿ ಎದೆಯೊಡೆದೀತೆಂದು ಅಣ್ಣ ಅದನ್ನು ಮುಚ್ಚಿಟ್ಟಿದ್ದರು.

ಲೆಕ್ಕವಿಡುವ ರೂಢಿ ನಿಲ್ಲಲಿಲ್ಲ. ಮುಂದೆ ಲಕ್ಷಗಟ್ಟಲೆ ರೂಪಾಯಿಗಳ ಸಾರ್ವಜನಿಕ ನಿಧಿ ಕೈಯಲ್ಲಿ ಹಾದುಹೋದಾಗಲೂ ಅವರು ನಡೆಸಿದ ಚಳವಳಿಗಳಲ್ಲಿ ಸಾಲವಲ್ಲ, ಹಣವೇ ಉಳಿಯುತ್ತಿತ್ತು.